ಓದುಗರ ಪ್ರಶ್ನೆ: ಪೈಗೆ ಕೊಟ್ಟ ವಿಳಾಸ ಏಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ಮಾನ್ಯರೆ, ದಾವಣಗೆರೆಯ ಮಂಡಿಪೇಟೆಯಲ್ಲಿ ನಮ್ಮದು ಕಾಳುಕಡಿಯ ಸಗಟು ಅಂಗಡಿ. ಗಲ್ಲಾದ ಕಂಪ್ಯೂಟರ್ ಮತ್ತು ಹಿಂದಿನ ಗೋಡೌನಿನ ಕಂಪ್ಯೂಟರ್ ಎರಡರಲ್ಲೂ ಒಂದೇ ಬಿಲ್ ಫೋಲ್ಡರ್ ತೆರೆಯಲೆಂದು ರಾಸ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಒಂದನ್ನು ಕೇಬಲ್ ಮೂಲಕ ರೂಟರ್‌ಗೆ ಜೋಡಿಸಿದ್ದೇನೆ. ಕರೆಂಟು ಹೋಗಿ ಬಂದಾಗಲೆಲ್ಲ ಅದರ ಐಪಿ ವಿಳಾಸ (ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಬದಲಾಗಿ ಫೋಲ್ಡರ್ ಸಿಗದಂತಾಗುತ್ತದೆ. ಹಳೆಯ ಪುಸ್ತಕವೊಂದನ್ನು ನೋಡಿ ‘ಡಿಎಚ್‌ಸಿಪಿಸಿಡಿ ಡಾಟ್ ಕಾನ್ಫ್’ ಎಂಬ ಕಡತವನ್ನು ತೆರೆದರೆ ಅದು ಪೂರ್ತಿ ಖಾಲಿಯಿತ್ತು. ಪುಸ್ತಕದಲ್ಲಿದ್ದ ಸಾಲುಗಳನ್ನು ಬರೆದು ಉಳಿಸಿದೆ, ಏನೂ ಆಗಲಿಲ್ಲ. ಆಮೇಲೆ ಅಕ್ಕನ ಮಗ ಬಂದು, ಗಲ್ಲಾದ ಕಂಪ್ಯೂಟರ್‌ನಿಂದಲೇ ಎಸ್‌ಎಸ್‌ಎಚ್ (ಜಾಲದ ಮೂಲಕ ಇನ್ನೊಂದು ಕಂಪ್ಯೂಟರ್‌ನೊಳಗೆ ಹೋಗುವ ವಿಧಾನ) ಮೂಲಕ ಪೈಗೆ ಲಾಗಿನ್ ಆಗಿ, ‘ಎನ್‌ಎಂಟಿಯುಐ’ ಎಂಬ ಸೆಟ್ಟಿಂಗ್ ಪರದೆಯಲ್ಲಿ ಅದೇ ಪುಸ್ತಕದ 192.168.1.50 ವಿಳಾಸವನ್ನೂ 192.168.1.1 ಗೇಟ್‌ವೇಯನ್ನೂ (ಹೊರಗಿನ ಜಾಲಕ್ಕೆ ಬಾಗಿಲು, ಎಂದರೆ ರೂಟರ್‌ನ ವಿಳಾಸ) ಹಾಕಿದ. ಅಂದಿನಿಂದ ಪೈ ಯಾವ ಕಂಪ್ಯೂಟರ್‌ಗೂ ಕಾಣುತ್ತಿಲ್ಲ. ಗಲ್ಲಾದ ಕಂಪ್ಯೂಟರ್‌ನ ವಿಳಾಸ 192.168.0.103. ಪೈಗೆ ಹೊಂದುವ ಮಾನಿಟರ್ ಕೇಬಲ್ ನಮ್ಮಲ್ಲಿಲ್ಲ. ಮೆಮೊರಿ ಕಾರ್ಡ್ ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕಬೇಕೆ?

ಉತ್ತರ: ದಯವಿಟ್ಟು ಕಾರ್ಡನ್ನು ಅಳಿಸಬೇಡಿ, ನಿಮ್ಮ ಬಿಲ್ಲುಗಳೆಲ್ಲ ಅದರಲ್ಲೇ ಇರಬಹುದು, ಮತ್ತು ಪೈಗೆ ಏನೂ ಕೆಟ್ಟದ್ದಾಗಿಲ್ಲ. ಆಗಿರುವುದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ತಪ್ಪುಗಳು. ಎರಡರ ಸುಳಿವೂ ನಿಮ್ಮ ಪತ್ರದಲ್ಲೇ ಇದೆ.

ಕಡತ ಖಾಲಿಯಿತ್ತು ಎಂದು ಬರೆದಿದ್ದೀರಿ. ಅದು ಖಾಲಿಯಿದ್ದ ಕಡತವಲ್ಲ, ಇಲ್ಲದೇ ಇದ್ದ ಕಡತ. ಪೈಯನ್ನು ನಡೆಸುವ ಮೂಲ ತಂತ್ರಾಂಶವಾದ ರಾಸ್‌ಬೆರಿ ಪೈ ಓಎಸ್‌ನ ‘ಬುಲ್ಸ್‌ಐ’ ಆವೃತ್ತಿಯವರೆಗೆ ವಿಳಾಸದ ವ್ಯವಹಾರವನ್ನು ಡಿಎಚ್‌ಸಿಪಿಸಿಡಿ ಎಂಬ ತಂತ್ರಾಂಶ ನೋಡಿಕೊಳ್ಳುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಬಂದ ‘ಬುಕ್‌ವರ್ಮ್’ ಆವೃತ್ತಿಯಿಂದ ಆ ಹೊಣೆ ನೆಟ್‌ವರ್ಕ್ ಮ್ಯಾನೇಜರ್‌ಗೆ ಹೋಯಿತು. ‘ನ್ಯಾನೋ’ ಎಡಿಟರ್‌ಗೆ ಇಲ್ಲದ ಕಡತದ ಹೆಸರನ್ನು ಕೊಟ್ಟರೆ ಅದು ತಕರಾರು ಮಾಡುವುದಿಲ್ಲ; ಕೆಳಗೆ ‘ನ್ಯೂ ಫೈಲ್’ ಎಂದು ಸಣ್ಣದಾಗಿ ತೋರಿಸಿ, ನೀವು ಬರೆದದ್ದನ್ನು ಹೊಸ ಕಡತವಾಗಿ ಉಳಿಸಿಬಿಡುತ್ತದೆ. ಹೀಗಾಗಿ ನಿಮ್ಮ ಸಾಲುಗಳು ಸರಿಯಾಗಿಯೇ ಇದ್ದಿರಬಹುದು, ಆದರೆ ಅವನ್ನು ಓದುವವರು ಯಾರೂ ಇರಲಿಲ್ಲ. ಹಳೆಯ ಪುಸ್ತಕಗಳನ್ನು ನಂಬಿ ಕೆಲಸ ಮಾಡುವ ಅನೇಕರು ಎಡವುವುದು ಇಲ್ಲೇ.

ಎನ್‌ಎಂಟಿಯುಐ ಈ ನೆಟ್‌ವರ್ಕ್ ಮ್ಯಾನೇಜರ್‌ನದೇ ಪರದೆಯಾದ್ದರಿಂದ ನಿಮ್ಮ ಸೋದರಳಿಯ ಹಿಡಿದ ದಾರಿ ಸರಿಯಾದದ್ದು, ತಪ್ಪಿದ್ದು ಅಂಕಿಗಳಲ್ಲಿ. ಗಲ್ಲಾದ ಕಂಪ್ಯೂಟರ್ 192.168.0.103 ಎಂದರೆ ನಿಮ್ಮ ರೂಟರ್ ಬಹುಮಟ್ಟಿಗೆ 192.168.0.1ರಲ್ಲಿದೆ. ಇಂಥ ಸಣ್ಣ ಜಾಲಗಳಲ್ಲಿ ಚುಕ್ಕೆಗಳಿಂದ ಬೇರ್ಪಟ್ಟ ಮೊದಲ ಮೂರು ಸಂಖ್ಯೆಗಳನ್ನು ಕ್ರಾಸ್ ಎಂದೂ ಕೊನೆಯದನ್ನು ಮನೆ ನಂಬರ್ ಎಂದೂ ತಿಳಿಯಿರಿ. ಅಂಗಡಿಯ ಯಂತ್ರಗಳೆಲ್ಲ ಸೊನ್ನೆಯ ಕ್ರಾಸಿನಲ್ಲಿರುವಾಗ ಪೈ ಮಾತ್ರ ತಾನು ಒಂದನೆಯ ಕ್ರಾಸಿನಲ್ಲಿದ್ದೇನೆ ಎಂದು ಕೂತಿದೆ. ಪುಸ್ತಕದಲ್ಲಿದ್ದದ್ದು ಅದನ್ನು ಬರೆದವರ ಮನೆಯ ಅಂಕಿ. ನಿಮ್ಮದನ್ನು ತಿಳಿಯಲು ವಿಂಡೋಸ್ ಕಂಪ್ಯೂಟರ್‌ನಲ್ಲಿ ‘ಐಪಿಕಾನ್ಫಿಗ್’ ಎಂಬ ಆದೇಶ ಕೊಟ್ಟು, ‘ಡೀಫಾಲ್ಟ್ ಗೇಟ್‌ವೇ’ ಎಂಬ ಸಾಲನ್ನು ನೋಡಿದರೆ ಸಾಕು.

ಈಗ ಪೈಯನ್ನು ಮತ್ತೆ ತಲುಪುವ ಬಗೆ. ಮಾನಿಟರ್ ಬೇಕಾಗಿಲ್ಲ. ಲೆಕ್ಕದಲ್ಲಿ ಕ್ರಾಸ್ ಬೇರೆಯಾದರೂ ತಂತಿ ಒಂದೇ ಆಗಿರುವುದರಿಂದ, ಗಲ್ಲಾದ ಕಂಪ್ಯೂಟರ್‌ಗೇ ಸ್ವಲ್ಪ ಹೊತ್ತು 192.168.1.51 ಎಂಬ ವಿಳಾಸವನ್ನೂ 255.255.255.0 ಎಂಬ ಮಾಸ್ಕನ್ನೂ (ವಿಳಾಸದಲ್ಲಿ ಕ್ರಾಸಿನ ಭಾಗ ಎಲ್ಲಿಯವರೆಗೆಂದು ಹೇಳುವ ಅಂಕಿ) ಕೈಯಾರೆ ಕೊಟ್ಟರೆ, ಅದು ಪೈನ ಪಕ್ಕದ ಮನೆಗೆ ಹೋದಂತಾಗುತ್ತದೆ. ಆಗ ಇಂಟರ್ನೆಟ್ ಇರುವುದಿಲ್ಲ, ಗಾಬರಿಯಾಗಬೇಡಿ. 192.168.1.50ಕ್ಕೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಿ, ‘ಸುಡೊ’ (ಪೂರ್ಣ ಅಧಿಕಾರದಿಂದ ನಡೆಸಲು ಮುಂದೆ ಹಾಕುವ ಪದ) ಸೇರಿಸಿ ಎನ್‌ಎಂಟಿಯುಐ ತೆರೆಯಿರಿ. ‘ಎಡಿಟ್ ಎ ಕನೆಕ್ಷನ್’ನಲ್ಲಿ ಕೇಬಲ್‌ನ ಸಂಪರ್ಕವನ್ನು ಆರಿಸಿ, ಐಪಿವಿ4 ‘ಮ್ಯಾನ್ಯುಯಲ್’ ಎಂದೇ ಇರಲಿ, ವಿಳಾಸವನ್ನು 192.168.0.50/24 ಎಂದೂ, ಗೇಟ್‌ವೇ ಮತ್ತು ಡಿಎನ್‌ಎಸ್ (ತಾಣದ ಹೆಸರನ್ನು ಅಂಕಿಗೆ ತಿರುಗಿಸುವ ಸೇವೆ) ಎರಡನ್ನೂ 192.168.0.1 ಎಂದೂ ತಿದ್ದಿ. ಆ /24 ಎಂಬುದು 255.255.255.0ಕ್ಕೆ ಇನ್ನೊಂದು ಬರಹರೂಪ. ಅದನ್ನು ಬಿಟ್ಟರೆ ನೆರೆಯ ಯಂತ್ರಗಳು ಯಾವುವೆಂದು ಪೈಗೆ ಸರಿಯಾಗಿ ತಿಳಿಯದೆ ಹೋಗಬಹುದು.

ಇಲ್ಲೊಂದು ಎಚ್ಚರಿಕೆ. ಬದಲಾವಣೆ ಜಾರಿಗೆ ಬರಲೆಂದು ‘ಆಕ್ಟಿವೇಟ್ ಎ ಕನೆಕ್ಷನ್’ಗೆ ಹೋಗಿ, ನಡೆಯುತ್ತಿರುವ ಸಂಪರ್ಕದ ಮೇಲೆ ಎಂಟರ್ ಒತ್ತಿದರೆ ಅದು ಮೊದಲು ನಿಂತುಹೋಗುತ್ತದೆ, ಅದರ ಜೊತೆ ನಿಮ್ಮ ಲಾಗಿನ್ ಕೂಡ ಕಡಿಯುತ್ತದೆ, ಮತ್ತೆ ಚಾಲೂ ಮಾಡಲು ನೀವು ಒಳಗಿರುವುದಿಲ್ಲ. ಕೂತ ಕೊಂಬೆಯನ್ನೇ ಕಡಿಯುವ ಈ ಕೆಲಸ ಬೇಡ. ಉಳಿಸಿ ಹೊರಬಂದು ಪೈಯನ್ನು ರೀಬೂಟ್ ಮಾಡಿ. ಆಮೇಲೆ ಗಲ್ಲಾದ ಕಂಪ್ಯೂಟರ್ ಮತ್ತೆ ತಾನಾಗಿ ವಿಳಾಸ ಪಡೆಯುವಂತೆ ಬದಲಿಸಿ, 192.168.0.50ಕ್ಕೆ ಪಿಂಗ್ (ಉತ್ತರ ಬರುತ್ತದೆಯೇ ಎಂದು ಪರೀಕ್ಷಿಸುವ ಆದೇಶ) ಮಾಡಿ ನೋಡಿ.

50 ಎಂಬ ಸಂಖ್ಯೆಗೂ ಕಾರಣವಿದೆ. ರೂಟರ್ ತಾನಾಗಿ ಹಂಚುವ ವಿಳಾಸಗಳಿಗೆ ಒಂದು ವ್ಯಾಪ್ತಿ ಇರುತ್ತದೆ; ಕೆಲವು ರೂಟರ್‌ಗಳಲ್ಲಿ ಅದು 100ರಿಂದ 199. ನೀವು ಕೊಡುವ ವಿಳಾಸ ಅದರೊಳಗಿದ್ದರೆ ಒಂದು ದಿನ ಅದೇ ವಿಳಾಸ ಯಾರದೋ ಮೊಬೈಲ್‌ಗೂ ಸಿಕ್ಕಿ, ಫೋಲ್ಡರ್ ಒಮ್ಮೆ ತೆರೆದು ಒಮ್ಮೆ ತೆರೆಯದ ಬಾಧೆ ಶುರುವಾಗುತ್ತದೆ. ರೂಟರ್‌ನ ಪುಟದಲ್ಲಿ ನಿಮ್ಮ ವ್ಯಾಪ್ತಿಯನ್ನು ನೋಡಿ ಖಚಿತಪಡಿಸಿಕೊಳ್ಳಿ.

ನನ್ನ ಅಭಿಪ್ರಾಯ ಕೇಳುವುದಾದರೆ, ಅಂಗಡಿಯಲ್ಲಿ ಈ ಕೆಲಸವನ್ನು ಪೈನಲ್ಲಿ ಮಾಡದೆ ರೂಟರ್‌ನಲ್ಲೇ ಮಾಡುವುದು ಲೇಸು. ಅನೇಕ ಸಾಧಾರಣ ರೂಟರ್‌ಗಳು ಯಾರಿಗೆ ಯಾವ ವಿಳಾಸ ಕೊಟ್ಟೆವೆಂಬ ಲೆಕ್ಕವನ್ನು ಕರೆಂಟು ಹೋದೊಡನೆ ಮರೆಯುತ್ತವೆ. ನಿಮ್ಮ ಮೂಲ ತೊಂದರೆಗೂ ಅದೇ ಕಾರಣವಿರಬೇಕು. ‘ಅಡ್ರೆಸ್ ರಿಸರ್ವೇಶನ್’ ವಿಭಾಗದಲ್ಲಿ ಪೈನ ಮ್ಯಾಕ್ ವಿಳಾಸಕ್ಕೆ (ಯಂತ್ರದ ಜಾಲ ಭಾಗದ ಸ್ವಂತ ಗುರುತು) ಒಂದು ಐಪಿ ವಿಳಾಸವನ್ನು ಕಾದಿರಿಸಿ, ಪೈಯನ್ನು ‘ಆಟೊಮ್ಯಾಟಿಕ್’ಗೆ ಮರಳಿಸಿದರೆ, ಅಂಕಿಗಳೆಲ್ಲ ಒಂದೇ ಕಡೆ ಇರುತ್ತವೆ. ಪೈಗೆ ಕೇಬಲ್‌ಗೊಂದು, ವೈಫೈಗೊಂದು ಬೇರೆ ಬೇರೆ ಮ್ಯಾಕ್ ವಿಳಾಸವಿರುವುದರಿಂದ, ಕೇಬಲ್‌ನದನ್ನೇ ಬರೆಯಿರಿ.

ಪ್ರಶ್ನೆ: ಚಿತ್ರದುರ್ಗದ ವಿದ್ಯಾರ್ಥಿನಿ ನಾನು. ನನ್ನ ರಾಸ್‌ಬೆರಿ ಪೈ 3ಕ್ಕೆ ಸ್ಥಿರ ವಿಳಾಸ ಕೊಟ್ಟ ಮೇಲೆ ಲಾಗಿನ್ ಆಗುತ್ತದೆ, ಹೊರಗಿನ ಇಂಟರ್ನೆಟ್‌ನ 8.8.8.8 ವಿಳಾಸಕ್ಕೆ ಪಿಂಗ್ ಕೂಡ ಹೋಗುತ್ತದೆ. ಆದರೆ ಯಾವ ಜಾಲತಾಣವೂ ತೆರೆಯುವುದಿಲ್ಲ, ಗಡಿಯಾರವೂ ಹಿಂದೆ ಇದೆ. ಏಕೆ?

ಉತ್ತರ: ಪಿಂಗ್ ಹೋಗುತ್ತದೆ ಎಂದರೆ ವಿಳಾಸ, ಗೇಟ್‌ವೇ ಎರಡೂ ಸರಿಯಾಗಿವೆ. ಡಿಎನ್‌ಎಸ್ ಜಾಗವನ್ನು ಖಾಲಿ ಬಿಟ್ಟಿರುತ್ತೀರಿ. ಹೆಸರನ್ನು ಅಂಕಿಗೆ ತಿರುಗಿಸಿ ಕೊಡುವವರು ಇಲ್ಲದೆ ತಾಣಗಳು ತೆರೆಯುತ್ತಿಲ್ಲ. ಅಲ್ಲಿ ನಿಮ್ಮ ರೂಟರ್‌ನ ವಿಳಾಸ ಹಾಕಿ. ಗಡಿಯಾರದ ದೋಷವೂ ಇದರದೇ ಮರಿ. ಪೈ 3ರಲ್ಲಿ ಬ್ಯಾಟರಿ ಬಲದ ಗಡಿಯಾರವಿಲ್ಲ, ಪ್ರತಿ ಸಲ ಅದು ಜಾಲದಿಂದಲೇ ಸಮಯ ಕೇಳಿಕೊಳ್ಳಬೇಕು, ಮತ್ತು ಸಮಯ ಕೊಡುವ ಸರ್ವರ್ ಅದಕ್ಕೆ ಗೊತ್ತಿರುವುದು ಹೆಸರಿನಿಂದ. ಡಿಎನ್‌ಎಸ್ ಸರಿಯಾದ ಕೆಲವು ನಿಮಿಷಗಳಲ್ಲಿ ಸಮಯವೂ ಸರಿಹೋಗಬೇಕು. ಅದಕ್ಕೆ ಮೊದಲೇ ತಂತ್ರಾಂಶ ನವೀಕರಣಕ್ಕೆ ಕೈಹಾಕಿದರೆ, ಕಡತಗಳು ‘ಇನ್ನೂ ಊರ್ಜಿತವಾಗಿಲ್ಲ’ ಎಂಬರ್ಥದ ವಿಚಿತ್ರ ದೂರು ಬರಬಹುದು.