ಬಿಸಿಯಾದ ಮೇಲೂ ಬಿಡದ ಆಟೋ ಚೋಕ್

ಪ್ರಶ್ನೆ: ನನ್ನ ಗೇರ್‌ಲೆಸ್ ಸ್ಕೂಟರಿಗೆ 16 ವರ್ಷವಾಗಿದೆ. ಅದಕ್ಕೆ ಕೈಯಿಂದ ಎಳೆಯುವ ಚೋಕ್ ಇಲ್ಲ, ಕಾರ್ಬೋರೇಟರಿನಲ್ಲಿಯೇ ಆಟೋ ಚೋಕ್ ಇದೆ. ಬೆಳಿಗ್ಗೆ ತಕ್ಷಣ ಚಾಲೂ ಆಗುತ್ತದೆ. ಆದರೆ ಟಿಳಕವಾಡಿಯಿಂದ ಉದ್ಯಮಬಾಗ ಮುಟ್ಟುವಷ್ಟರಲ್ಲಿ ಇಂಜಿನ್ ಮುಗ್ಗರಿಸಿ ಕಪ್ಪು ಹೊಗೆ ಬಿಡುತ್ತದೆ. ರೈಲ್ವೆ ಗೇಟಿನಲ್ಲಿ ಬಂದ್ ಮಾಡಿದರೆ ಮತ್ತೆ ಚಾಲೂ ಆಗುವುದೇ ಕಷ್ಟ. ಮಿಸ್ತ್ರಿ ಎರಡು ಸಲ ಗಾಳಿ-ಪೆಟ್ರೋಲ್ ಮಿಶ್ರಣ ಹೊಂದಿಸುವ ಏರ್ ಸ್ಕ್ರೂ ತಿರುಗಿಸಿದರು, ಪ್ಲಗ್ ಬದಲಿಸಿದರು. ಈಗ ಚೋಕ್ ಜಾಮ್ ಆಗಿದೆ, ಕಾರ್ಬೋರೇಟರನ್ನೇ ಹೊಸದಾಗಿ ಹಾಕಿಸಿರಿ ಎನ್ನುತ್ತಿದ್ದಾರೆ. ಹಾಕಿಸಬೇಕೆ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಈಗಲೇ ಹಾಕಿಸಬೇಡಿರಿ. ತಣ್ಣಗಿದ್ದಾಗ ಸುಲಭವಾಗಿ ಚಾಲೂ ಆಗಿ, ಬಿಸಿಯಾದ ಮೇಲೆ ತೊಂದರೆ ಕೊಡುತ್ತದೆ ಎಂದರೆ, ತಣ್ಣಗಿನ ಇಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಡುವ ಚೋಕ್ ತೆರೆದುಕೊಳ್ಳುತ್ತಿದೆ, ಮುಚ್ಚಿಕೊಳ್ಳುತ್ತಿಲ್ಲ ಎಂದು ಅನುಮಾನಿಸಬಹುದು.

ಇಂತಹ ಸ್ಕೂಟರುಗಳ ಆಟೋ ಚೋಕಿನೊಳಗೆ ಸಾಮಾನ್ಯವಾಗಿ ಮೇಣ ತುಂಬಿದ ಒಂದು ಚಿಕ್ಕ ಕೋಶ ಮತ್ತು ಅದನ್ನು ಕಾಯಿಸುವ ವಿದ್ಯುತ್ ಹೀಟರ್ ಇರುತ್ತವೆ. ಇಂಜಿನ್ ಓಡತೊಡಗಿದ ಮೇಲೆ ಮೇಣ ಕಾದು ಹಿಗ್ಗಿ, ಸೂಜಿಯನ್ನು ಮುಂದಕ್ಕೆ ತಳ್ಳಿ, ಹೆಚ್ಚುವರಿ ಪೆಟ್ರೋಲ್ ಹರಿಯುವ ದಾರಿಯನ್ನು ಕೆಲವೇ ನಿಮಿಷಗಳಲ್ಲಿ ಮುಚ್ಚುತ್ತದೆ. ಹೀಟರಿಗೆ ಕರೆಂಟ್ ಬರದಿದ್ದರೆ ಆ ದಾರಿ ತೆರೆದೇ ಉಳಿಯುತ್ತದೆ. ಜಾಮ್ ಎಂದು ಹೇಳಿಸಿಕೊಳ್ಳುವ ಎಷ್ಟೋ ಚೋಕುಗಳು ನಿಜವಾಗಿ ಜಾಮ್ ಆಗಿರುವುದಿಲ್ಲ, ಕಾದಿರುವುದಿಲ್ಲ ಅಷ್ಟೇ.

ಇದನ್ನು ಕೈಯಿಂದಲೇ ಪರೀಕ್ಷಿಸಬಹುದು. ತಣ್ಣಗಿನ ಇಂಜಿನ್ನನ್ನು ಚಾಲೂ ಮಾಡಿ, ನಾಲ್ಕೈದು ನಿಮಿಷದ ನಂತರ, ಸಿಲಿಂಡರಿಗೆ ಕೈ ತಗುಲದಂತೆ, ಚೋಕಿನ ಮೈ ಮುಟ್ಟಿ ನೋಡಿರಿ. ಪೆಟ್ರೋಲ್ ಆವಿಯಾಗುವುದರಿಂದ ಕಾರ್ಬೋರೇಟರ್ ಆಗ ಇನ್ನೂ ತಂಪಾಗಿಯೇ ಇರುತ್ತದೆ. ಚೋಕ್ ಮಾತ್ರ ಬೆಚ್ಚಗಾಗಿರಬೇಕು. ಆಗಿರದಿದ್ದರೆ ಅದರ ವೈರಿನ ಕಪ್ಲರನ್ನು ಬಿಚ್ಚಿರಿ. ಬೆಳಗಾವಿಯ ಬಿಡದ ಜಿಟಿಜಿಟಿ ಮಳೆಯನ್ನು ಇಷ್ಟು ವರ್ಷ ಕಂಡ ಗಾಡಿಯಲ್ಲಿ ಅದರ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಆಶ್ಚರ್ಯವಿಲ್ಲ. ಕರೆಂಟ್ ಬರುತ್ತಿದೆಯೇ ಎಂದು ನೋಡುವಾಗ ಇಂಜಿನ್ ಓಡುತ್ತಿರಲಿ. ಅನೇಕ ಮಾದರಿಗಳಲ್ಲಿ ಅದು ಇಂಜಿನ್ ತಿರುಗುವಾಗ ಮಾತ್ರ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲಿನಿಂದಲೇ ಬರುವುದರಿಂದ, ಬರೀ ಕೀ ತಿರುಗಿಸಿ ನೋಡಿದವರು ವೈರಿಂಗ್ ಕೆಟ್ಟಿದೆಯೆಂದು ತಪ್ಪು ತಿಳಿಯುತ್ತಾರೆ. ಕರೆಂಟ್ ಸರಿಯಾಗಿ ಬಂದರೂ ಚೋಕ್ ಕಾಯದಿದ್ದರೆ ಹೀಟರ್ ಸುಟ್ಟಿದೆ. ಆಗ ಚೋಕಿನ ಯೂನಿಟ್ ಒಂದನ್ನೇ ಬದಲಿಸಿದರೆ ಸಾಕು.

ಬೆಚ್ಚಗಾದರೂ ಹೊಗೆ ನಿಲ್ಲದಿದ್ದರೆ ಯೂನಿಟ್ಟನ್ನು ಬಿಚ್ಚಿ ಸೂಜಿಯನ್ನು ನೋಡಿರಿ. ಹಳೆಯ ಪೆಟ್ರೋಲಿನ ಕಂದು ಅಂಟು ಕೂತಿದ್ದರೆ ಕಾರ್ಬೋರೇಟರ್ ಕ್ಲೀನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿರಿ. ಪಾಲಿಶ್ ಕಾಗದ ಹಚ್ಚಬೇಡಿರಿ, ಸೂಜಿಗೆ ಗೀರು ಬಿದ್ದರೆ ಪೆಟ್ರೋಲ್ ಸೋರುತ್ತಲೇ ಇರುತ್ತದೆ. ಯೂನಿಟ್ಟನ್ನು ಪೆಟ್ರೋಲಿನಲ್ಲಿ ಮುಳುಗಿಸಲೂ ಬಾರದು. ಒರೆಸಿದ ಮೇಲೆ, ಪೆಟ್ರೋಲಿನಿಂದ ದೂರದಲ್ಲಿ, 12 ವೋಲ್ಟ್ ಬ್ಯಾಟರಿಗೆ ಜೋಡಿಸಿದರೆ ಸೂಜಿ ಸಾವಕಾಶವಾಗಿ ಹೊರಗೆ ಬರಬೇಕು, ತಣ್ಣಗಾದಾಗ ಒಳಗೆ ಸರಿಯಬೇಕು.

ಸೂಜಿ ಸರಿಯಾಗಿ ಚಲಿಸಿದರೂ ಹೊಗೆ ಉಳಿದರೆ ದೋಷ ಬೇರೆ ಕಡೆ ಇದೆ: ಕಾರ್ಬೋರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ಸೂಜಿ ಸೋರುತ್ತಿರಬಹುದು, ಇಲ್ಲವೇ ಉದ್ಯಮಬಾಗದ ಫೌಂಡ್ರಿ ಧೂಳಿನಿಂದ ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು. ಫಿಲ್ಟರನ್ನಂತೂ ಮೊದಲೇ ನೋಡಬಹುದು, ಖರ್ಚಿಲ್ಲದ ಕೆಲಸ. ಏರ್ ಸ್ಕ್ರೂವನ್ನು ಮಾತ್ರ, ಇವೆಲ್ಲ ಮುಗಿದ ಮೇಲೆ, ಇಂಜಿನ್ ಪೂರ್ತಿ ಬಿಸಿಯಾಗಿರುವಾಗ ಹೊಸದಾಗಿ ಹೊಂದಿಸಿಕೊಳ್ಳಿರಿ. ಮಿಸ್ತ್ರಿ ಅದನ್ನು ತಿರುಗಿಸಿದ್ದು ಚೋಕ್ ತೆರೆದಿದ್ದಾಗಿನ ಲೆಕ್ಕಕ್ಕೆ.