ವರದಿಯೇ ತೀರ್ಪಲ್ಲ

ವಿರಾಜಪೇಟೆ ಕಡೆಯ ತಾಯಿಯೊಬ್ಬರ ಪತ್ರದ ಸಾರ: ಎಂಟು ವರ್ಷದ ಮಗಳು ಯಾರ ಬಳಿ ಇರಬೇಕು ಅನ್ನೋ ಕೇಸು ಕುಟುಂಬ ನ್ಯಾಯಾಲಯದಲ್ಲಿದೆ. ಕೋರ್ಟು ಬೆಂಗಳೂರಿನ ಮನಃಶಾಸ್ತ್ರಜ್ಞರಿಂದ ವರದಿ ತರಿಸಿದೆ. ‘ತಾಯಿಗೆ ಆತಂಕ ಜಾಸ್ತಿ. ಮಗು ತಾಯಿಗೆ ಹೆದರುತ್ತದೆ’ ಎಂದು ಅದರಲ್ಲಿದೆ. ವಕೀಲರು ಸುಮ್ಮನಿರಿ ಅನ್ನುತ್ತಾರೆ. ಏನು ಮಾಡಲಿ?

ಸಂಪಾದಕರ ಉತ್ತರ: ಅಮ್ಮಾ, ನಿಮ್ಮ ಪತ್ರ ಎರಡು ಸಲ ಓದಿದೆ. ಬೆಳಗಿನ ಜಾವ ಮಗಳನ್ನು ಎಬ್ಬಿಸಿ, ಜುಲೈ ಮಳೆಯಲ್ಲಿ ಬಸ್ಸು ಹತ್ತಿಸಿದಿರಿ. ತಿತಿಮತಿ ದಾಟುವಷ್ಟರಲ್ಲಿ ಎರಡು ಸಲ ವಾಂತಿ. ಒದ್ದೆ ಸ್ವೆಟರಿನಲ್ಲೇ ಅವಳು ಬೆಂಗಳೂರಿನ ಮನಃಶಾಸ್ತ್ರಜ್ಞರ ಕೋಣೆಗೆ ಹೋದಳು. ನಲವತ್ತು ನಿಮಿಷ ಕೂತಳು, ಬಾಯಿ ಬಿಡಲಿಲ್ಲ. ಅದಕ್ಕೆ ನೀವೇ ಕಾರಣ ಇರಬೇಕಾ? ಈ ಪ್ರಯಾಣದ ಮಾತು ವರದಿಯಲ್ಲಿ ಇಲ್ಲವೇ ಇಲ್ಲ ಅಂದಿದ್ದೀರಿ. ನಿಮ್ಮ ಆಕ್ಷೇಪಣೆ ಅಲ್ಲಿಂದಲೇ ಶುರುವಾಗಲಿ.

ಸುಮ್ಮನಿರಬೇಡಿ. ಸಾಮಾನ್ಯ ಸಾಕ್ಷ್ಯದ ನಿಯಮಕ್ಕೆ ಹೊಂದದ ವರದಿಯನ್ನೂ ಕುಟುಂಬ ನ್ಯಾಯಾಲಯ ಪರಿಗಣಿಸಬಹುದು. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 14ನೇ ಸೆಕ್ಷನ್ ಆ ಅವಕಾಶ ಕೊಟ್ಟಿದೆ. ನೀವು ಬಾಯಿ ಮುಚ್ಚಿದರೆ ಅಲ್ಲಿ ಬರೆದದ್ದೇ ಉಳಿಯುತ್ತದೆ. ಹಾಗಂತ ಅದು ತೀರ್ಪಲ್ಲ, ಒಬ್ಬ ತಜ್ಞರ ಅಭಿಪ್ರಾಯ. ತೀರ್ಮಾನ ಜಡ್ಜ್ ಅವರದು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ಹುಡುಗನೊಬ್ಬನನ್ನು ತಂದೆಗೆ ಒಪ್ಪಿಸಿದ್ದ ತನ್ನದೇ ಆದೇಶವನ್ನು ವಾಪಸ್ ಪಡೆಯಿತು. ಆ ಆದೇಶದ ನಂತರ ಹುಡುಗನ ಆತಂಕ ಹೆಚ್ಚಿದ್ದನ್ನು ಮನಃಶಾಸ್ತ್ರಜ್ಞರ ವರದಿ ತೋರಿಸಿತ್ತು. ವರದಿಗೆ ಅಷ್ಟು ತೂಕ ಇದೆ. ಅದಕ್ಕೇ ಅದರಲ್ಲಿ ತಪ್ಪು ಉಳಿಯಬಾರದು.

ಎರಡು ಬಣ್ಣದ ಪೆನ್ನು ತಗೊಳ್ಳಿ. ತಜ್ಞರು ಕಣ್ಣಾರೆ ಕಂಡದ್ದಕ್ಕೆ ಒಂದು, ಊಹಿಸಿದ್ದಕ್ಕೆ ಇನ್ನೊಂದು. ‘ಮಗು ಮಾತಾಡಲಿಲ್ಲ’ ಅನ್ನೋದು ಕಂಡದ್ದು. ‘ತಾಯಿಗೆ ಹೆದರುತ್ತದೆ’ ಅನ್ನೋದು ಊಹೆ. ಮಗುವನ್ನು ಎಷ್ಟು ಸಲ ನೋಡಿದರು? ತಂದೆಯ ಜೊತೆಗಿದ್ದಾಗಲೂ ನೋಡಿದರಾ? ಟೀಚರ್ ಹತ್ತಿರ ಕೇಳಿದರಾ? ಯಾವ ಭಾಷೆಯಲ್ಲಿ ಮಾತಾಡಿಸಿದರು? ಮನೆಯಲ್ಲಿ ಅವಳು ಆಡೋದು ಕೊಡವ ತಕ್ಕ್ ಅಲ್ವಾ? ಇವನ್ನೆಲ್ಲ ಬರೆದು ಕೊಡಿ. ವರದಿ ಬರೆದವರನ್ನು ಕರೆಸಿ ಪಾಟೀಸವಾಲು ಮಾಡಲು ಅನುಮತಿ ಕೇಳಿ. ವಕೀಲರು ಒಪ್ಪದಿದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ಆತಂಕದ ಮಾತಿಗೆ ನೊಂದುಕೊಳ್ಳಬೇಡಿ. ಮಗು ಕೈತಪ್ಪುತ್ತದೆ ಅನ್ನುವಾಗ ಯಾವ ತಾಯಿಗೆ ಆತಂಕ ಇರೋದಿಲ್ಲ? ಇದ್ದರೆ ಇದೆ ಅನ್ನಿ.

ಒಂದು ಮಾತ್ರ ಬೇಡಿಕೊಳ್ಳುತ್ತೇನೆ. ನಿಮ್ಮಷ್ಟಕ್ಕೆ ಮಗಳನ್ನು ಇನ್ನೊಬ್ಬ ಡಾಕ್ಟರ ಹತ್ತಿರ ಪರೀಕ್ಷೆಗೆ ಕರೆದೊಯ್ಯಬೇಡಿ. ಏನು ಹೇಳಬೇಕು ಅಂತ ಕಲಿಸಲೂ ಬೇಡಿ. ಅದೇ ಪ್ರಶ್ನೆಗೆ ಮತ್ತೆ ಮತ್ತೆ ಉತ್ತರ ಕೊಡೋದು ಆ ಪುಟ್ಟ ಜೀವಕ್ಕೆ ಹಿಂಸೆ. ಮರುಪರೀಕ್ಷೆ ಬೇಕಿದ್ದರೆ ಕೋರ್ಟಿನ ಮೂಲಕವೇ ಕೇಳಿ. ಹತ್ತಿರದ ಊರಲ್ಲಿ, ಎರಡು ಮೂರು ಭೇಟಿಯಲ್ಲಿ ಆಗಲಿ ಅಂತ ಕೇಳಿ. ಜಡ್ಜ್ ಅವರೇ ತಮ್ಮ ಕೊಠಡಿಯಲ್ಲಿ ಅವಳನ್ನು ಮಾತಾಡಿಸಲಿ ಎಂದೂ ಕೋರಬಹುದು. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಕೋರ್ಟು ಪರಿಗಣಿಸಬಹುದು ಅಂತ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಲ್ಲೇ ಇದೆ.

ಆ ದಿನದ ಬಸ್ ಟಿಕೆಟ್ ಇನ್ನೂ ಇಟ್ಟಿದ್ದೀರಿ ಅಂತ ಬರೆದಿದ್ದೀರಿ. ಹೊರಟ ಹೊತ್ತು ಅದರಲ್ಲಿ ಅಚ್ಚಾಗಿದೆಯಲ್ಲ. ಆಕ್ಷೇಪಣೆಯ ಜೊತೆ ಅದನ್ನೂ ಲಗತ್ತಿಸಿ.