ಇಲ್ಲಿ ಬಿ ಫಾರಂ ಕೊಡುವವರಿಲ್ಲ

ಅಣ್ಣಾ ಅಂತ ಕರೆದು ಕೇಳಿದ್ದೀರಿ, ಹಾಗಾಗಿ ಬಿಚ್ಚಿ ಹೇಳುತ್ತೇನೆ. ದಾವಣಗೆರೆಯಿಂದ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನ್ಯಾಶುವಾಗೆ ಬಂದು ನಾಲ್ಕು ತಿಂಗಳಾಗಿದೆ. ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ, ಅಂಗಡಿಯಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ, ಕಾರಿನ ನಂಬರ್ ಪ್ಲೇಟಿನ ಮೇಲೇ 'ಲಿವ್ ಫ್ರೀ ಆರ್ ಡೈ' (ಸ್ವತಂತ್ರವಾಗಿ ಬಾಳು, ಇಲ್ಲ ಸಾಯಿ) ಅಂತ ಬರೆದಿದೆ, ನ್ಯೂ ಹ್ಯಾಂಪ್‌ಶೈರ್ ನಿಮ್ಮ ಮನಸ್ಸಿಗೆ ಹಿಡಿಸಿದೆ. ಸರ್ಕಾರ ಚಿಕ್ಕದಿರಬೇಕು, ಜನರನ್ನು ಅವರ ಪಾಡಿಗೆ ಬಿಡಬೇಕು ಅನ್ನುವವರು ನೀವು. ಮುಂದೆ ಇದನ್ನೇ ಹೇಳುವ ಚಿಕ್ಕ ಪಕ್ಷವಾದ ಲಿಬರ್ಟೇರಿಯನ್ ಪಕ್ಷ ಸೇರಬೇಕಾ, ಇಲ್ಲ ದೊಡ್ಡ ಪಕ್ಷವಾದ ರಿಪಬ್ಲಿಕನ್ನರ ಒಳಗಿದ್ದು ಕೆಲಸ ಮಾಡಬೇಕಾ ಅನ್ನುವುದು ನಿಮ್ಮ ಪ್ರಶ್ನೆ.

ಮೊದಲು ಒಂದು ಎಚ್ಚರಿಕೆ. ನೀವು ಎಚ್‌1ಬಿ ಅನ್ನುವ ಕೆಲಸದ ವೀಸಾ ಮೇಲಿದ್ದೀರಿ. ವೋಟು ಹಾಕುವ ಹಾಗಿಲ್ಲ, ಯಾವ ಅಭ್ಯರ್ಥಿಗೂ ಚುನಾವಣೆಗೆ ದುಡ್ಡು ಕೊಡುವ ಹಾಗಿಲ್ಲ. ವೋಟರ್ ಲಿಸ್ಟಿಗೆ ಸೇರಿಸುವ ಫಾರಂ ಯಾರಾದರೂ ಕೈಗೆ ಕೊಟ್ಟರೆ ಸುಮ್ನೆ ಸಹಿ ಹಾಕಬೇಡಿ. ಮುಂದೆ ಗ್ರೀನ್ ಕಾರ್ಡಿಗೂ ಪೌರತ್ವಕ್ಕೂ ಅದೇ ಮುಳುವಾಗಬಹುದು. ಸಭೆಗೆ ಹೋಗಿ ಕೂತು ಕೇಳಲು ಯಾರ ಅಡ್ಡಿಯೂ ಇಲ್ಲ.

ಈಗ ನನ್ನ ಉತ್ತರ. ದೊಡ್ಡ ಪಕ್ಷದ ಒಳಗಿದ್ದೇ ಕೆಲಸ ಮಾಡಿ.

ನಮಗೆ ಪಕ್ಷ ಅಂದ ತಕ್ಷಣ ನೆನಪಾಗುವುದು ಹೈಕಮಾಂಡ್. ಟಿಕೆಟ್ ಅವರು ಕೊಡಬೇಕು, ಬಿ ಫಾರಂ ಅವರ ಕೈಯಿಂದ ಬರಬೇಕು. ಗೆದ್ದ ಮೇಲೂ ವಿಪ್ ಮೀರಿದರೆ 1985ರ ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಶಾಸಕ ಸ್ಥಾನವೇ ಹೋಗಬಹುದು. ಅಂಥ ಕಡೆ ಒಳಗಿದ್ದು ಬದಲಾಯಿಸುತ್ತೇನೆ ಅನ್ನುವುದು ಕಷ್ಟದ ಮಾತು. ಸರ್ಕಾರದ ಹಿಡಿತ ಕಡಿಮೆಯಾಗಲಿ ಅನ್ನುತ್ತಿದ್ದ ರಾಜಾಜಿಯವರು 1959ರಲ್ಲಿ ಬೇರೆಯಾಗಿ ಸ್ವತಂತ್ರ ಪಕ್ಷವನ್ನೇ ಕಟ್ಟಿದರು. 1967ರಲ್ಲಿ ಅದಕ್ಕೆ ಲೋಕಸಭೆಯಲ್ಲಿ 44 ಸ್ಥಾನ ಬಂತು, 1974ರ ಹೊತ್ತಿಗೆ ಇನ್ನೊಂದು ಪಕ್ಷದಲ್ಲಿ ಸೇರಿಹೋಯಿತು.

ಇಲ್ಲಿ ಹಾಗಲ್ಲ. ಟಿಕೆಟ್ ಯಾರಿಗೆ ಅನ್ನುವುದನ್ನು ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸಲು ಮೊದಲು ನಡೆಯುವ ಚುನಾವಣೆಯಲ್ಲಿ, ಜನರೇ ತೀರ್ಮಾನಿಸುತ್ತಾರೆ. ನಾನು ಸಿಟಿಜನ್ ಆದ ವರ್ಷ ಸೆಪ್ಟೆಂಬರಿನಲ್ಲಿ ಮೊದಲ ಸಲ ಹೋದೆ. ನಾನು ಯಾವ ಪಕ್ಷದವನೂ ಅಲ್ಲ ಅಂತ ಪಟ್ಟಿಯಲ್ಲಿತ್ತು. ಮೇಜಿನ ಹಿಂದೆ ಕೂತಿದ್ದ ಅಜ್ಜಿ ಸ್ಕೇಲಿಟ್ಟು ನನ್ನ ಹೆಸರು ಹುಡುಕಿ, 'ಯಾವ ಪಕ್ಷದ ಬ್ಯಾಲೆಟ್ ಕೊಡಲಿ?' ಅಂತ ಕೇಳಿದರು. ರಿಪಬ್ಲಿಕನ್ ಅಂದೆ, ಕೊಟ್ಟರು. ವೋಟು ಹಾಕಿ ಹೊರಗೆ ಬರುವಾಗ ಬಾಗಿಲ ಹತ್ತಿರ ಇನ್ನೊಂದು ಫಾರಂ ಇತ್ತು, ಅದಕ್ಕೆ ಸಹಿ ಹಾಕಿ ಮತ್ತೆ ಯಾವ ಪಕ್ಷದವನೂ ಅಲ್ಲದವನಾಗಿ ಮನೆಗೆ ಬಂದೆ. ಅವತ್ತು ನನಗೆ ಅರ್ಥವಾಯಿತು, ಇಲ್ಲಿ ಪಕ್ಷ ಅನ್ನುವುದು ಒಂದು ಬಾಗಿಲು, ಅದಕ್ಕೆ ಬೀಗ ಹಾಕಿಕೊಂಡು ಕೂತವರು ಯಾರೂ ಇಲ್ಲ.

ಅದೂ ಈ ರಾಜ್ಯದಲ್ಲಿ ಬಾಗಿಲು ಇನ್ನೂ ಅಗಲ. ಸುಮಾರು 14 ಲಕ್ಷ ಜನಕ್ಕೆ ಕೆಳಮನೆಯಲ್ಲಿ 400 ಶಾಸಕರು, ನಮ್ಮ ಇಡೀ ಕರ್ನಾಟಕಕ್ಕೆ 224 ಅಲ್ವಾ! ವರ್ಷಕ್ಕೆ ಸಂಬಳ 100 ಡಾಲರ್. ನಾಲ್ಕು ಬೀದಿ ನಡೆದು ಮನೆಮನೆ ಬಾಗಿಲು ತಟ್ಟುವ ತಾಳ್ಮೆ ಇದ್ದವರು ಗೆಲ್ಲಬಹುದು. ಚಿಕ್ಕ ಸರ್ಕಾರ ಬೇಕು ಅನ್ನುವವರೆಲ್ಲ ಒಂದೇ ರಾಜ್ಯಕ್ಕೆ ಬಂದು ನೆಲೆಸಬೇಕು ಅಂತ ಹೊರಟ ಫ್ರೀ ಸ್ಟೇಟ್ ಪ್ರಾಜೆಕ್ಟಿನವರು 2003ರಲ್ಲಿ ಈ ರಾಜ್ಯವನ್ನು ಆರಿಸಿಕೊಂಡಾಗ ಇದೂ ಲೆಕ್ಕದಲ್ಲಿತ್ತು. ಅವರಲ್ಲಿ ಗೆದ್ದು ಸದನಕ್ಕೆ ಹೋದವರು ಹೆಚ್ಚಿನವರು ರಿಪಬ್ಲಿಕನ್ ಹೆಸರಲ್ಲಿ, ಕೆಲವರು ಡೆಮಾಕ್ರಟಿಕ್ ಹೆಸರಲ್ಲಿ ಹೋದರು. ಬಡ್ಡಿ ಮತ್ತು ಡಿವಿಡೆಂಡ್ ಮೇಲೆ ಇದ್ದ ರಾಜ್ಯದ ತೆರಿಗೆ 2025ರ ಜನವರಿಯಿಂದ ಇಲ್ಲವಾಗಿದ್ದು ದೊಡ್ಡ ಪಕ್ಷದ ಬಹುಮತ ಇದ್ದುದರಿಂದಲೇ. ಅದೇ 2017ರಲ್ಲಿ ಮೂವರು ಶಾಸಕರು ತಮ್ಮ ಪಕ್ಷ ಬಿಟ್ಟು ಲಿಬರ್ಟೇರಿಯನ್ ಪಕ್ಷಕ್ಕೆ ಹೋದರು, 2018ರ ಚುನಾವಣೆ ಆದ ಮೇಲೆ ಒಬ್ಬರೂ ಸದನದಲ್ಲಿ ಉಳಿಯಲಿಲ್ಲ. ದೇಶದ ಮಟ್ಟದಲ್ಲೂ ಅಷ್ಟೇ. 2016ರ ಅಧ್ಯಕ್ಷ ಚುನಾವಣೆಯಲ್ಲಿ ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್‌ಗೆ ಸುಮಾರು 45 ಲಕ್ಷ ವೋಟು ಬಂತು, ಆ ಪಕ್ಷಕ್ಕೆ ಅಷ್ಟು ಬಂದಿದ್ದು ಅದೇ ಮೊದಲು, ಆದರೂ ಒಂದು ರಾಜ್ಯವೂ ಸಿಗಲಿಲ್ಲ. ರಾನ್ ಪಾಲ್ 1988ರಲ್ಲಿ ಅದೇ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತವರು, 1996ರಲ್ಲಿ ರಿಪಬ್ಲಿಕನ್ ಆಗಿಯೇ ಗೆದ್ದು ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ವಾಪಸ್ ಹೋದರು.

ಆದರೆ ಒಳಗೆ ಹೋದ ಮೇಲೆ ಏನಾಗುತ್ತೆ ಅನ್ನುವುದನ್ನೂ ಹೇಳಬೇಕು. ಪಕ್ಷದ ಹೊರೆ ನಮ್ಮ ತಲೆ ಮೇಲೂ ಬರುತ್ತದೆ. ಸ್ವಾತಂತ್ರ್ಯ ಅಂದರೆ ಜನ ದುಡಿಯಲು ಬೇಕಾದ ಕಡೆ ಹೋಗುವ ಸ್ವಾತಂತ್ರ್ಯವೂ ಹೌದು ಅಂತ ನಾನು ನಂಬಿದ್ದೇನೆ. ಒಂದು ಸಲ ಪಕ್ಷದ ಸಭೆಯಲ್ಲಿ ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುವವರ ವಿಷಯ ಎತ್ತಿದೆ. ಯಾರೂ ಬೈಯಲಿಲ್ಲ, ಮಾತಾಡಲೂ ಇಲ್ಲ, ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದರು. ಮನೆಗೆ ಬರುವ ದಾರಿಯಲ್ಲಿ ಹೊಟ್ಟೆ ಉರಿಯಿತು. ಮುಂದಿನ ತಿಂಗಳೂ ಹೋದೆ, ಮತ್ತೆ ಅದನ್ನೇ ಎತ್ತಿದೆ. ಇದನ್ನು ಬಿಟ್ಟುಬಿಟ್ಟರೆ ಅವರ ಜೊತೆ ಇದ್ದು ಏನು ಪ್ರಯೋಜನ?

ಇನ್ನೊಂದು, ಊರಿನವರನ್ನು ಬಿಟ್ಟು ಗೆಲ್ಲಲು ಹೋಗಬಾರದು. ಈ ರಾಜ್ಯದಲ್ಲೇ ಕ್ರಾಯ್ಡನ್ ಅಂತ ಒಂದು ಪುಟ್ಟ ಊರಿದೆ, 800 ಜನ. ಬಜೆಟ್ ಮೇಲೆ ಊರಿನ ಮತದಾರರೇ ನೇರವಾಗಿ ವೋಟು ಹಾಕುವ 2022ರ ಮಾರ್ಚ್ ಸಭೆಯಲ್ಲಿ ನಮ್ಮ ವಿಚಾರದವರೇ ಒಬ್ಬರು ಶಾಲೆಯ ಬಜೆಟ್ಟನ್ನು 17 ಲಕ್ಷ ಡಾಲರಿನಿಂದ 8 ಲಕ್ಷಕ್ಕೆ ಇಳಿಸಿ ಅಂದರು. ಬಂದಿದ್ದವರೇ ಕಡಿಮೆ, 20-14ರಲ್ಲಿ ಪಾಸಾಯಿತು. ಆಮೇಲೆ ಊರೇ ಎದ್ದಿತು. ಮೇ ತಿಂಗಳಲ್ಲಿ ಮತ್ತೆ ಸಭೆ ಸೇರಿ 377-2ರಲ್ಲಿ ಅದನ್ನು ತೆಗೆದುಹಾಕಿದರು. ಸರ್ಕಾರ ಚಿಕ್ಕದಾಗಲಿ ಅನ್ನುವ ನಾನು ಆ ಊರಲ್ಲಿದ್ದಿದ್ದರೆ ಆ 377ರ ಜೊತೆ ಕೈ ಎತ್ತುತ್ತಿದ್ದೆ. ಮಕ್ಕಳ ಶಾಲೆಯ ದುಡ್ಡನ್ನು ನೆರೆಹೊರೆಯವರಿಗೆ ಮೊದಲೇ ಹೇಳದೆ ಅರ್ಧ ಮಾಡುವುದು ಸ್ವಾತಂತ್ರ್ಯ ಅಲ್ಲ.

ಬರುವ ಮಾರ್ಚಿನಲ್ಲಿ ನಮ್ಮೂರ ಸಭೆಗೆ ಬನ್ನಿ. ಶಾಲೆಯ ಜಿಮ್‌ನಲ್ಲಿ ನಡೆಯುತ್ತೆ. ವೋಟಿರುವವರ ಕೈಗೆ ಬಣ್ಣದ ಕಾರ್ಡ್ ಕೊಡುತ್ತಾರೆ, ಇಲ್ಲದವರಿಗೆ ಹಿಂದೆ ಬೇರೆ ಕುರ್ಚಿ. ಲಾರಿಯಿಂದ ಹಿಡಿದು ಲೈಬ್ರರಿಯ ಬಲ್ಬಿನ ತನಕ ಒಂದೊಂದು ಖರ್ಚಿಗೂ ಕಾರ್ಡ್ ಎತ್ತುತ್ತಾರೆ. ಬೆಳಿಗ್ಗೆ ನಿಮ್ಮನ್ನು ಕರೆದುಕೊಂಡು ಹೋಗಲು ನಾನೇ ಬರುತ್ತೇನೆ. ಮಧ್ಯಾಹ್ನ ನಮ್ಮ ಮನೆಯಲ್ಲೇ ಊಟ.